ಎರೆನಾಡಿನ ಮಾಳಿಗೆ, ಮಲೆನಾಡ ಸೆರಗಿನ ಹಂಚು

ರಜೆಯ ದಿನಗಳನ್ನು ಕಳೆಯಲೆಂದು ಹಳೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿಸಿದ, ಇಲ್ಲವೇ ಹಳೆಯ ಮನೆಯನ್ನೇ ದುರಸ್ತಿ ಮಾಡಿ ಅಣಿಗೊಳಿಸಿದ ವಿಶ್ರಾಂತಿ ಮನೆಗಳು ಹುಬ್ಬಳ್ಳಿ-ಧಾರವಾಡದ ಆಸುಪಾಸಿನಲ್ಲಿ ಈಚೆಗೆ ಕಾಣಸಿಗುತ್ತಿದ್ದು, ಅವುಗಳ ವರ್ಣನೆಯಲ್ಲಿ ‘ಪರಿಸರದೊಂದಿಗೆ ಬೆರೆತ ಮನೆ’ ಎಂಬ ಮಾತು ತಪ್ಪದೆ ಬರುತ್ತದೆ. ಗೋಡೆಗೆ ಮಣ್ಣಿನ ಬಣ್ಣ, ಮುಂಬಾಗಿಲಿಗೆ ಕೆತ್ತನೆಯ ಕಂಬ, ಸುತ್ತಲೂ ಒಂದಿಷ್ಟು ಮರಗಿಡ ಇದ್ದರೆ ಸಾಕೆಂಬಷ್ಟಕ್ಕೆ ಆ ಮಾತಿನ ಅರ್ಥ ಬಹುಮಟ್ಟಿಗೆ ನಿಂತುಹೋಗಿದೆ. ಈ ಅವಳಿ ನಗರದ ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಹಳೆಯ ಮನೆಗಳನ್ನು ತಳಪಾಯದಿಂದ ಮಾಡಿನವರೆಗೆ ಗಮನಿಸಿದವರಿಗೆ ಈ ಅರ್ಥ ತೀರ ಬಡವಾಗಿ ಕಾಣುತ್ತದೆ. ಏಕೆಂದರೆ ಆ ಮನೆಗಳ ಒಂದೊಂದು ಭಾಗವೂ ತಾನು ನಿಂತ ನೆಲದ ಮಣ್ಣಿಗೆ, ಅಲ್ಲಿ ಬೀಳುವ ಮಳೆಗೆ, ಬೀಸುವ ಗಾಳಿಗೆ ಕೊಟ್ಟ ಉತ್ತರವಾಗಿದೆ.

ಧಾರವಾಡದ ನೆಲದ ವಿಶೇಷವೆಂದರೆ ಅದು ಎರಡು ಸೀಮೆಗಳ ಗಡಿಯಲ್ಲಿರುವುದು. ಊರಿನ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಪಶ್ಚಿಮಾಭಿಮುಖವಾಗಿ ಬೇಡ್ತಿಯನ್ನು ಸೇರಿ, ಮುಂದೆ ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ಪೂರ್ವ ಭಾಗದ ನೀರನ್ನು ಹೊತ್ತ ಬೆಣ್ಣೆಹಳ್ಳವಾದರೋ ಮಲಪ್ರಭೆಗೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಯತ್ತ ಹೋಗುತ್ತದೆ. ಊರ ದಿಬ್ಬದ ಮೇಲಿರುವ ಉಳವಿ ಬಸವಣ್ಣನ ಗುಡಿಯ ಒಂದು ಮಗ್ಗುಲಿಗೆ ಬಿದ್ದ ಮಳೆನೀರು ಪಡುವಣ ಕಡಲಿಗೂ ಇನ್ನೊಂದು ಮಗ್ಗುಲಿನದು ಮೂಡಣ ಕಡಲಿಗೂ ಹೋಗುತ್ತದೆಂದು ಧಾರವಾಡದವರು ಹೇಳುವ ಮಾತಿನ ಹಿಂದಿರುವುದು ಈ ಜಲವಿಭಾಜಕವೇ, ಅಂದರೆ ಎರಡು ನದಿವ್ಯವಸ್ಥೆಗಳನ್ನು ಬೇರ್ಪಡಿಸುವ ಎತ್ತರದ ಸಾಲೇ. ಈ ಸಾಲಿನ ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿಗಳ ಕೆಂಪು ನೆಲ, ಸಾಗವಾನಿ ಕಾಡು, ಬತ್ತದ ಗದ್ದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಬಟಾಬಯಲು, ಎರೆ ಎಂದು ಕರೆಯುವ ಕಪ್ಪು ಮಣ್ಣು, ಜೋಳ, ಹತ್ತಿ, ಮೆಣಸಿನಕಾಯಿ. ಧಾರವಾಡಕ್ಕೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾದರೆ, ಪಶ್ಚಿಮಕ್ಕೆ ಹೋದಂತೆ ಅದು ಬೇಗನೆ ಏರುತ್ತದೆ, ಪೂರ್ವಕ್ಕೆ ಹೋದಂತೆ ಅಷ್ಟೇ ಬೇಗ ಇಳಿಯುತ್ತದೆ. ಮನೆಯ ಮಾಡೂ ಇದನ್ನೇ ಅನುಸರಿಸಿ ಪಶ್ಚಿಮದಲ್ಲಿ ಇಳಿಜಾರಾದ ಹಂಚಿನದಾಗಿಯೂ ಪೂರ್ವದಲ್ಲಿ ಸಮತಟ್ಟಾದ ಮಣ್ಣಿನ ಮಾಳಿಗೆಯಾಗಿಯೂ ರೂಪುಗೊಂಡಿತು.

ಮಣ್ಣಿನ ಮಾಳಿಗೆ ನಾಲ್ಕಾರು ಪದರಗಳ ರಚನೆ. ಗೋಡೆಯ ಒಳಮಗ್ಗುಲಲ್ಲಿ ನಿಲ್ಲಿಸಿದ ಮರದ ಕಂಬಗಳ ತಲೆಯ ಮೇಲೆ ಬೋದಿಗೆ, ಅಂದರೆ ಭಾರವನ್ನು ಎರಡೂ ಬದಿಗೆ ಹರಡುವ ಅಡ್ಡತುಂಡು, ಅದರ ಮೇಲೆ ದಪ್ಪನೆಯ ತೊಲೆ, ತೊಲೆಯಿಂದ ತೊಲೆಗೆ ಒತ್ತೊತ್ತಾಗಿ ಜೋಡಿಸಿದ ಜಂತಿ, ಜಂತಿಗಳ ಮೇಲೆ ಹಲಗೆ ಅಥವಾ ಸೀಳಿದ ಕಟ್ಟಿಗೆ, ಅದರ ಮೇಲೆ ಗೆದ್ದಲು ಬಾರದಂತೆ ಬೇವಿನಂಥ ಕಹಿ ಸೊಪ್ಪು, ಆಮೇಲೆ ತುಳಿದು ಹದಗೊಳಿಸಿದ ಮಣ್ಣು, ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ಲೇಪ. ಈ ಕೊನೆಯ ಲೇಪವೇ ಮಾಳಿಗೆಯ ಜೀವ. ಬೆಳೆಗೆ ಬಾರದ ಉಪ್ಪು ನೆಲದಿಂದ ತರುವ ಸವುಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚಾಗಿರುವುದರಿಂದ, ಮಳೆ ಬಿದ್ದೊಡನೆ ಅದರ ಜೇಡಿಯ ಕಣಗಳು ಉಬ್ಬಿ, ಒಂದರಿಂದೊಂದು ಬಿಡಿಸಿಕೊಂಡು ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಂಡು ಮೇಲ್ಮೈಯನ್ನು ಮುಚ್ಚಿಬಿಡುತ್ತವೆ. ನೀರು ಒಳಗಿಳಿಯದೆ ಅಂಚಿನ ದೋಣಿಯಿಂದ ಹೊರಗೆ ಸುರಿಯುತ್ತದೆ. ಹೊಲಕ್ಕೆ ಶಾಪವಾದ ಗುಣವೇ ಮಾಡಿಗೆ ವರವಾಗುವುದನ್ನು ಯಾವ ಪಠ್ಯದ ನೆರವೂ ಇಲ್ಲದೆ ಕಂಡುಕೊಂಡ ರೈತರ ಜಾಣ್ಮೆ ನಿಜಕ್ಕೂ ದೊಡ್ಡದು. ಆದರೆ ಈ ಲೇಪ ಶಾಶ್ವತವಲ್ಲ. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಮಾಳಿಗೆಯ ಮೇಲೆ ಬೆಳೆದ ಹುಲ್ಲನ್ನು ಬೇರುಸಹಿತ ಕಿತ್ತು, ಬಿರುಕುಗಳನ್ನು ಮುಚ್ಚಿ, ಹೊಸ ಮಣ್ಣು ಹರಡಿ ಬಡಿಯಬೇಕು.

ಮಣ್ಣು 20 ಸೆಂಟಿಮೀಟರ್ ದಪ್ಪವಿದ್ದರೂ ಪ್ರತಿ ಚದರ ಮೀಟರಿನ ಮೇಲೆ 300 ಕಿಲೋಗೂ ಮಿಗಿಲಾದ ಭಾರ ಬೀಳುತ್ತದೆ; ಇಷ್ಟನ್ನು ಹೊರಬಲ್ಲ ಮರ ಎರೆಯ ಬಯಲಿನಲ್ಲಿ ಬೆಳೆಯುವುದಿಲ್ಲವಾದ್ದರಿಂದ ಅನುಕೂಲಸ್ಥರು ಹಳಿಯಾಳ, ದಾಂಡೇಲಿ ಕಡೆಯ ಕಾಡಿನ ಸಾಗವಾನಿಯನ್ನು ತರಿಸುತ್ತಿದ್ದರು. ಬಯಲುಸೀಮೆಯ ಮನೆಯೊಳಗೆ ಮಲೆನಾಡಿನ ಮರ ನಿಂತದ್ದು ಹೀಗೆ. ದೇಸಾಯಿ, ದೇಶಪಾಂಡೆ ಮನೆತನಗಳ ವಾಡೆಗಳಲ್ಲಿ, ಅಂದರೆ ಎತ್ತರದ ಗೋಡೆ, ದೊಡ್ಡ ತಲಬಾಗಿಲುಗಳುಳ್ಳ ಒಡೆಯರ ಮನೆಗಳಲ್ಲಿ, ಈ ಕಂಬ ಬೋದಿಗೆಗಳು ಕೆತ್ತನೆಯಿಂದ ತುಂಬಿದ್ದರೆ, ಸಾಮಾನ್ಯ ಒಕ್ಕಲಿನ ಮನೆಯಲ್ಲಿ ಅವೇ ಸಾದಾ ರೂಪದಲ್ಲಿ ಇರುತ್ತಿದ್ದವು. ಕಟ್ಟುವ ಕ್ರಮ ಮಾತ್ರ ಒಂದೇ. ದಪ್ಪ ಗೋಡೆಯೂ ದಪ್ಪ ಮಾಳಿಗೆಯೂ ಹಗಲಿನ ಬಿಸಿಯನ್ನು ಹೀರಿಕೊಂಡು ಒಳಗೆ ದಾಟಿಸಲು ಹಲವು ಗಂಟೆ ತೆಗೆದುಕೊಳ್ಳುವುದರಿಂದ, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಹೊರಗೆ 37 ಡಿಗ್ರಿ ಸೆಲ್ಸಿಯಸ್ ಇದ್ದರೂ ಪಡಸಾಲೆ ತಂಪಾಗಿಯೇ ಇರುತ್ತದೆ. ಗೋಡೆಗೆ ಕಿಟಕಿಗಳು ಕಡಿಮೆ. ಬೆಳಕು ಬರುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ, ಒಲೆಯ ಹೊಗೆ ಹೊರಹೋಗುವುದೂ ಅಲ್ಲಿಂದಲೇ. ಕುಂದಗೋಳದ ಕಡೆ ಮೆಣಸಿನಕಾಯಿ ಒಣಹಾಕಲು, ಬೇಸಗೆಯಲ್ಲಿ ಹಪ್ಪಳ, ಸಂಡಿಗೆ ಹಾಕಲು, ರಾತ್ರಿ ಮನೆಮಂದಿಯೆಲ್ಲ ಮಲಗಲು ಇದೇ ಮಾಳಿಗೆ ಒದಗುತ್ತಿತ್ತು.

ಪಶ್ಚಿಮದ ಮನೆಯ ಕಥೆಯನ್ನು ಇಷ್ಟು ವಿಸ್ತರಿಸಬೇಕಾಗಿಲ್ಲ. ಜೂನ್‌ನಿಂದ ಮೂರು ತಿಂಗಳು ಎಡೆಬಿಡದೆ ಜಿನುಗುವ ಮಳೆಗೆ ಸಮತಟ್ಟಾದ ಮಣ್ಣು ನಿಲ್ಲದು. ಅಲ್ಲಿ ಇಳಿಜಾರು ಮಾಡು, ಗೋಡೆಗಿಂತ ಬಹಳ ಮುಂದಕ್ಕೆ ಚಾಚಿದ ಸೂರು, ಇರಚಲು ಬಡಿಯುವ ದಿಕ್ಕಿಗೆ ಹುಲ್ಲಿನ ತಟ್ಟಿ ಇವು ಅನಿವಾರ್ಯ. ಕುಂಬಾರರು ಮಾಡುತ್ತಿದ್ದ ನಾಡಹಂಚಿನ ಜಾಗಕ್ಕೆ ಮಂಗಳೂರು ಹಂಚು ಬಂದದ್ದು ಮಾತ್ರ ಗಮನಿಸಬೇಕಾದ ತಿರುವು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ ಸಂಸ್ಥೆ ಅದಕ್ಕೂ ಮುಂಚೆಯೇ, 1837ರಷ್ಟು ಹಿಂದೆಯೇ, ಧಾರವಾಡದಲ್ಲಿ ನೆಲೆಯೂರಿತ್ತು. 1880ರ ದಶಕದಲ್ಲಿ ರೈಲು ಬಂದ ಮೇಲೆ ಭಾರವಾದ ಸರಕನ್ನು ದೂರದಿಂದ ತರಿಸುವುದು ಸುಲಭವಾಯಿತು. ಬ್ರಿಟಿಷ್ ಅಧಿಕಾರಿಗಳಿಗಾಗಿ ಕಟ್ಟಿದ ಬಂಗಲೆಗಳು ಈ ಹಂಚನ್ನೂ ದಪ್ಪ ಗೋಡೆಯನ್ನೂ ನಾಲ್ಕೂ ಕಡೆಯ ಪಡಸಾಲೆಯನ್ನೂ ಕೂಡಿಸಿಕೊಂಡು, ಗಡಿಯೂರಾದ ಧಾರವಾಡಕ್ಕೆ ಒಪ್ಪುವ ನಡುವಣ ರೂಪವೊಂದನ್ನು ಪಡೆದವು.

ಇಷ್ಟನ್ನು ಮನಗಂಡರೆ ಈಗಿನ ಕೆಲವು ‘ಪರಂಪರೆಯ’ ಮನೆಗಳ ದೋಷ ತಾನಾಗಿ ಕಾಣುತ್ತದೆ. ಕೆಡವಿದ ವಾಡೆಗಳ ಕಂಬ, ಬಾಗಿಲುಗಳನ್ನು ಕೊಂಡುತಂದು ಕಾಂಕ್ರೀಟ್ ಚಾವಣಿಯ ಕೆಳಗೆ ನಿಲ್ಲಿಸಿದಾಗ, ಕಂಬವು ಭಾರ ಹೊರುವ ಕೆಲಸ ಕಳೆದುಕೊಂಡು ಅಲಂಕಾರವಾಗುತ್ತದೆ, ತೆಳುವಾದ ಚಾವಣಿ ಸಂಜೆಯ ಹೊತ್ತಿಗೆ ಬಿಸಿಯನ್ನೆಲ್ಲ ಒಳಗೆ ಇಳಿಸುತ್ತದೆ. ಹಾಗೆ ಕಂಬ ಕಿತ್ತುಕೊಂಡ ಹಳ್ಳಿಯಲ್ಲಿ ಒಂದು ವಾಡೆ ಇಲ್ಲವಾಗಿರುತ್ತದೆ ಎಂಬುದೂ ನೋವಿನ ಸಂಗತಿ. ನೋಟಕ್ಕೆ ಪ್ರಕೃತಿಯಲ್ಲಿ ಲೀನವಾದ ಮನೆಯೂ ಅದರ ಬಲಕ್ಕೆ ಮಣಿಯುವುದುಂಟು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದ ಕೊನೆಗೆ ಜಲಪಾತವೊಂದರ ಮೇಲೆಯೇ ಕಟ್ಟಿದ ‘ಫಾಲಿಂಗ್‌ವಾಟರ್’ ಎಂಬ ರಜಾಮನೆ ಈ ಬಗೆಯ ಕಟ್ಟಡಗಳಲ್ಲೆಲ್ಲ ಅತ್ಯಂತ ಪ್ರಸಿದ್ಧ. ಅಲ್ಲಿನ ಕಲ್ಲನ್ನೇ ಬಳಸಿದ ಆ ಮನೆ 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ನೀರಿನ ಮೇಲೆ ಚಾಚಿದ ಅದರ ಕಾಂಕ್ರೀಟ್ ಅಂತಸ್ತುಗಳು ಮೊದಲಿನಿಂದಲೂ ಬಾಗುತ್ತ ಬಂದು, 2002ರಲ್ಲಿ ಉಕ್ಕಿನ ತಂತಿಗಳಿಂದ ಬಿಗಿದು ಬಲಪಡಿಸಬೇಕಾಯಿತು.

ಮಣ್ಣಿನ ಮನೆಯನ್ನು ಹೊಗಳುವಾಗ ಅದರ ಸೋಲನ್ನೂ ಹೇಳಬೇಕು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಹಾಗೂ 2019ರ ಆಗಸ್ಟ್‌ನಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಅಪಾರ ಸಂಖ್ಯೆಯ ಮಣ್ಣಿನ ಮನೆಗಳು ಕುಸಿದವು, ಜೀವಹಾನಿಯೂ ಆಯಿತು. ದಿನಗಟ್ಟಲೆ ನೆನೆದ ಮಾಳಿಗೆಯ ತೂಕ ಹೆಚ್ಚಿ, ಗೋಡೆಯ ಬುಡ ಮೆತ್ತಗಾದಾಗ ಮನೆ ನಿಲ್ಲುವುದು ಕಷ್ಟ. ಮಳೆಯ ಸ್ವಭಾವವೇ ಬದಲಾಗುತ್ತಿರುವಾಗ ಅಜ್ಜನ ಕಾಲದ ಮನೆಯನ್ನು ಇದ್ದಂತೆಯೇ ನಕಲು ಮಾಡುವುದು ವಿವೇಕವೆನಿಸದು. ಎತ್ತರದ ಕಲ್ಲಿನ ಬುನಾದಿ, ಮುಂದೆ ಚಾಚಿದ ಸೂರು, ಸುಟ್ಟ ಇಟ್ಟಿಗೆಯ ಬದಲು ಸ್ಥಿರಗೊಳಿಸಿದ ಮಣ್ಣಿನ ಇಟ್ಟಿಗೆ, ಅಂದರೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತಯಾರಿಸಿದ್ದು, ಇವೆಲ್ಲ ಈಗ ಲಭ್ಯವಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಈ ಇಟ್ಟಿಗೆಯ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದೆ. ಇಲ್ಲಿಯೂ ಜಲವಿಭಾಜಕದ ಗೆರೆಯನ್ನು ಮರೆಯುವಂತಿಲ್ಲ: ಪಶ್ಚಿಮದ ಕೆಂಪು ಮಣ್ಣು ಇಂಥ ಇಟ್ಟಿಗೆಗೆ ಒದಗುತ್ತದೆ, ನೀರು ಕುಡಿದು ಉಬ್ಬಿ ಒಣಗಿದಾಗ ಬಾಯಿಬಿಡುವ ಎರೆಯ ಮಣ್ಣು ಹಾಗೆಯೇ ಬಳಸಿದರೆ ಒದಗುವುದಿಲ್ಲ.

ಹಳೆಯ ಬದುಕನ್ನು ನೋಡಿ ತಿಳಿಯಲು ಬಯಸುವವರಿಗೆ ಹುಬ್ಬಳ್ಳಿಯಿಂದ ದಕ್ಷಿಣಕ್ಕೆ, ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಅದು ಮುಖ್ಯವಾಗಿ ಪ್ರದರ್ಶನ. ತಂಗುವ ಮನೆಯ ಉತ್ತಮ ಮಾದರಿ ಇನ್ನೂ ಪೂರ್ವಕ್ಕೆ, ತುಂಗಭದ್ರೆಯ ದಡದ ಆನೆಗೊಂದಿಯಲ್ಲಿ ಸಿಗುತ್ತದೆ. ಅಲ್ಲಿ ಕಿಷ್ಕಿಂಧಾ ಟ್ರಸ್ಟ್ ಊರೊಳಗಿನ ಹಳೆಯ ಮನೆಯನ್ನು ಇದ್ದ ಜಾಗದಲ್ಲಿಯೇ ದುರಸ್ತಿ ಮಾಡಿಸಿ ಪ್ರವಾಸಿಗರ ವಾಸಕ್ಕೆ ಅಣಿಗೊಳಿಸಿದ್ದು, ಮನೆ ತನ್ನ ಓಣಿಯನ್ನೂ ನೆರೆಹೊರೆಯನ್ನೂ ಕಳೆದುಕೊಂಡಿಲ್ಲ. ಧಾರವಾಡದ ಸುತ್ತ ಇಂಥ ಪ್ರಯತ್ನಕ್ಕೆ ಕೈಹಾಕುವವರು ಮೊದಲು ಯೋಚಿಸಬೇಕಾದದ್ದು ಮನೆಯಲ್ಲಿ ಜನ ಬಾಳುವಂತೆ ನೋಡಿಕೊಳ್ಳುವುದನ್ನು, ಏಕೆಂದರೆ ಮನೆಗೆ ಬೀಗ ಬೀಳುವುದೇ ಮಾಳಿಗೆಯ ಅತಿದೊಡ್ಡ ಶತ್ರು. ದಿನವೂ ಒಲೆ ಉರಿದು ಹೊಗೆಯಾಡದಿದ್ದರೆ ಜಂತಿಗೆ ಹುಳು ಹಿಡಿಯುತ್ತದೆ, ಇಲಿ ಹೆಗ್ಗಣಗಳು ಗೋಡೆ ಕೊರೆಯುತ್ತವೆ, ಮೇಲೆ ಬೆಳೆದ ಹುಲ್ಲಿನ ಬೇರು ಮಣ್ಣಿಗಿಳಿದು ಸೋರಿಕೆಗೆ ದಾರಿ ಮಾಡುತ್ತದೆ. ಅತಿಥಿಗಳು ಬರುವುದು ಬಹುಪಾಲು ಚಳಿಗಾಲದಲ್ಲಿ, ಮಾಳಿಗೆಗೆ ಕೆಲಸ ಬೀಳುವುದು ಮೇ ತಿಂಗಳ ಬಿಸಿಲಿನಲ್ಲಿ. ಆದ್ದರಿಂದ ಯಜಮಾನರು, ವರ್ಷವಿಡೀ ಮನೆಯಲ್ಲೇ ಇದ್ದು ನೋಡಿಕೊಳ್ಳುವ ಊರಿನ ಒಂದು ಕುಟುಂಬಕ್ಕೂ, ಮಣ್ಣಿನ ಹದ ಬಲ್ಲ ಹಿರಿಯ ಕೆಲಸಗಾರರಿಗೂ ತಕ್ಕ ಸಂಬಳವನ್ನು ಮೊದಲೇ ಲೆಕ್ಕದಲ್ಲಿ ಹಿಡಿದು, ಆಮೇಲೆ ಕಂಬ ಬಾಗಿಲುಗಳ ಮಾತಿಗೆ ಬರುವುದು ಒಳ್ಳೆಯದು.