ಗೋಳದ ಮೇಲೆ ಒಂದು ದಾರ

ಮಕ್ಕಳೇ, ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿದ್ದೀರಾ? ತಿಪಟೂರು, ತುಮಕೂರು ದಾಟಿ ಸುಮಾರು 165 ಕಿ.ಮೀ. ಹೆಚ್ಚು ಕಡಿಮೆ ಮೂರು ಗಂಟೆ ಬೇಕು. ದೊಡ್ಡ ಜೆಟ್ ವಿಮಾನದ ವೇಗದಲ್ಲಾದರೆ ಇಷ್ಟು ದೂರಕ್ಕೆ ಹನ್ನೆರಡು ನಿಮಿಷ ಸಾಕು. ಅಂಥ ವಿಮಾನವೂ ಎಲ್ಲೂ ಇಳಿಯದೆ ಹದಿನೇಳು ಗಂಟೆಗೂ ಹೆಚ್ಚು ಹೊತ್ತು ಹಾರಬೇಕಾದ ದಾರಿಯೊಂದಿದೆ.

2021ರ ಜನವರಿ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾ ವಿಮಾನವೊಂದು ನೇರವಾಗಿ ಬೆಂಗಳೂರಿಗೆ ಹೊರಟಿತು. ಅದನ್ನು ನಡೆಸಿದ ಪೈಲಟ್‌ಗಳೆಲ್ಲರೂ ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳು. ಅವರು ಆರಿಸಿಕೊಂಡದ್ದು ಉತ್ತರ ಧ್ರುವದ ಮೇಲಿನ ದಾರಿ!

ಇದೇನು, ಸುತ್ತುದಾರಿಯಲ್ಲವೇ ಎನ್ನುತ್ತೀರಾ? ಗೋಡೆಯ ಭೂಪಟ ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ಎಡಗಡೆ, ಬೆಂಗಳೂರು ಬಲಗಡೆ. ಸ್ಕೇಲಿಟ್ಟು ಗೆರೆ ಎಳೆದರೆ ಅದು ಅಟ್ಲಾಂಟಿಕ್ ಸಾಗರ, ಆಫ್ರಿಕಾ, ಅರೇಬಿಯಾ ದಾಟಿ ಬರುತ್ತದೆ. ಆ ಗೆರೆಯಂತೆಯೇ ಹಾರಿದರೆ ಸುಮಾರು 20,000 ಕಿ.ಮೀ. ಆಗುತ್ತದೆ.

ಈಗ ಶಾಲೆಯ ಗೋಳವನ್ನು ಹೊರಗೆ ತನ್ನಿ. (ಎಷ್ಟೋ ಶಾಲೆಗಳಲ್ಲಿ ಅದು ಬೀರುವಿನೊಳಗೇ ಇರುತ್ತದೆ. ಗುರುಗಳನ್ನು ಕೇಳಿ ಪಡೆಯಿರಿ.) ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಸರಿದು, ಸೈಬೀರಿಯಾದ ಉತ್ತರ ಭಾಗದ ಹಿಮನಾಡಿನ ಕಡೆಯಿಂದ ಹೋಗುತ್ತದೆ. ಇದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. ಭೂಮಿ ದುಂಡಗಿದೆ, ಭೂಪಟ ಚಪ್ಪಟೆಯಾಗಿದೆ. ದುಂಡಗಿನದನ್ನು ಚಪ್ಪಟೆ ಮಾಡುವಾಗ ಧ್ರುವದ ಹತ್ತಿರದ ಜಾಗವೆಲ್ಲ ಹಿಗ್ಗಿಬಿಡುತ್ತದೆ. ಬಿಡಿಸಿದ ಕಿತ್ತಳೆ ಸಿಪ್ಪೆಯನ್ನು ಹರಿಯದಂತೆ ಮೇಜಿನ ಮೇಲೆ ಹಾಸಲು ಪ್ರಯತ್ನಿಸಿ, ಕಷ್ಟ ತಿಳಿಯುತ್ತದೆ.

ದಾರ ಸರಿಯಾಗಿ ಧ್ರುವದ ಮೇಲೆ ಹೋಗಲಿಲ್ಲವಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಧ್ರುವವನ್ನೇ ದಾಟಿ ಬಂದರೂ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ. ಎತ್ತರದಲ್ಲಿ ಬೀಸುವ ಬಲವಾದ ಗಾಳಿ ಎದುರಾದರೆ ವೇಗ ಕುಗ್ಗುತ್ತದೆ, ಇಂಧನ ಹೆಚ್ಚು ಉರಿಯುತ್ತದೆ. ಆದ್ದರಿಂದ ಪೈಲಟ್‌ಗಳು ದೂರದ ಜೊತೆಗೆ ಗಾಳಿಯನ್ನೂ ಲೆಕ್ಕ ಹಾಕುತ್ತಾರೆ. ಧ್ರುವದ ಕಡೆ ಇನ್ನೊಂದು ಚಿಂತೆಯೂ ಇದೆ. ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ತೀರಾ ತಣ್ಣಗಾಗಬಾರದು. ಜೆಟ್ ಇಂಧನ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗೆ ಹೋದರೆ ಗಟ್ಟಿಯಾಗತೊಡಗಬಹುದು. ಅದರ ಉಷ್ಣತೆಯನ್ನು ಆಗಾಗ ನೋಡುತ್ತಲೇ ಇರಬೇಕು.

ಇನ್ನು ಸಮಯದ ವಿಚಾರ. ವೇಳಾಪಟ್ಟಿಯಂತೆ ವಿಮಾನ ಹೊರಡಬೇಕಾದದ್ದು ಅಲ್ಲಿನ ಶನಿವಾರ ರಾತ್ರಿ 8.30ಕ್ಕೆ, ಬೆಂಗಳೂರು ತಲುಪಬೇಕಾದದ್ದು ಇಲ್ಲಿನ ಸೋಮವಾರ ನಸುಕಿನ 3.45ಕ್ಕೆ. ಬೆರಳೆಣಿಸಿದರೆ 31 ಗಂಟೆ 15 ನಿಮಿಷ! ಆದರೆ ಜನವರಿಯಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಶನಿವಾರ ರಾತ್ರಿ 8.30 ಆದಾಗ ಅರಸೀಕೆರೆಯಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. ಹದಿಮೂರೂವರೆಯನ್ನು ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ.

ಆ ವಿಮಾನದಲ್ಲಿ ಬಂದ ಒಬ್ಬರು ತಮ್ಮ ಕೈಗಡಿಯಾರವನ್ನು ದಾರಿಯಲ್ಲಿ ತಿರುಗಿಸಲೇ ಇಲ್ಲ ಎಂದುಕೊಳ್ಳಿ. ಬೆಂಗಳೂರಿನಲ್ಲಿ 3.45ಕ್ಕೆ ಇಳಿದಾಗ ಅದು ಯಾವ ದಿನದ ಎಷ್ಟು ಗಂಟೆ ತೋರಿಸುತ್ತಿತ್ತು? ಲೆಕ್ಕ ಮಾಡಿ ಗುರುಗಳಿಗೆ ತೋರಿಸಿ.