ಅತ್ತೆ ಸಮುದ್ರ ನೋಡಿದ್ದು: 20 ಸಾವಿರದಲ್ಲಿ ನಾಲ್ಕು ಜನರ ಬೀಚ್ ಪ್ರವಾಸ

ಮಾರ್ಚ್ ಕೊನೆಯ ವಾರ. ಮಗನ ಪರೀಕ್ಷೆ ಮುಗಿದಿತ್ತು. ಲ್ಯಾಪ್‌ಟಾಪ್ ಮುಂದೆ ಕೂತು ನಾನೂ ನನ್ನ ಗಂಡನೂ ಗೋವಾದ ರೂಮ್ ರೇಟ್ ನೋಡುತ್ತಿದ್ದೆವು. ಪಕ್ಕದ ರೂಮಿನಿಂದ ಮಾತು ಕೇಳಿಸಿತು.

'ಅಜ್ಜಿ, ಸಮುದ್ರ ಎಷ್ಟು ದೊಡ್ಡದಿರುತ್ತೆ?'

'ನಂಗೇನು ಗೊತ್ತೋ? ನಾನೂ ನೋಡಿಲ್ಲ. ನಮ್ಮೂರ ಸಾಗರ ನೋಡಿದೀನಿ, ವಾಣಿವಿಲಾಸ ಸಾಗರ!'

ನಮ್ಮತ್ತೆ ಹಿರಿಯೂರು ಕಡೆಯವರು. ಈಗ 63 ವರ್ಷ. 2022ರಲ್ಲಿ ಆ ಅಣೆಕಟ್ಟು 89 ವರ್ಷದ ನಂತರ ಕೋಡಿ ಬಿದ್ದಾಗ ಬೆಂಗಳೂರಿಂದ ಬಸ್ ಹತ್ತಿ ಹೋಗಿ ನೋಡಿಬಂದಿದ್ದರು. ನಾನು ಕೆಲಸಕ್ಕೆ ವಾಪಸ್ ಹೋದ ದಿನದಿಂದ ನನ್ನ ಮಗನನ್ನು ಸಾಕಿದ್ದು ಅವರೇ. ಐದು ವರ್ಷದಲ್ಲಿ ನಾವು ಮೂರು ಸಲ ಬೀಚಿಗೆ ಹೋಗಿದ್ದೇವೆ. ಮೂರು ಸಲವೂ ಅವರದ್ದು ಒಂದೇ ಮಾತು, 'ನೀವು ಹೋಗ್ಬನ್ನಿ, ಮನೆ ನಾನು ನೋಡ್ಕೋತೀನಿ.' ನಾವೂ ಎರಡನೇ ಸಲ ಕೇಳಿರಲಿಲ್ಲ. ಅವತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಗೋವಾ ಕ್ಯಾನ್ಸಲ್.

ಮೊದಲು ದುಡ್ಡು, ಆಮೇಲೆ ಊರು

ಈ ವರ್ಷ ನಮ್ಮಿಬ್ಬರ ಸಂಬಳವೂ ಹೆಚ್ಚಾಗಿಲ್ಲ. ಮೇ ತಿಂಗಳಲ್ಲಿ ಸ್ಕೂಲ್ ಫೀಸು ಬೇರೆ. ಹೋದ ವರ್ಷದ ಗೋವಾ ಟ್ರಿಪ್ಪನ್ನು ಕ್ರೆಡಿಟ್ ಕಾರ್ಡ್ ಇಎಂಐಗೆ ಹಾಕಿ, ಮೂರು ದಿನದ ಖುಷಿಗೆ ಒಂಬತ್ತು ತಿಂಗಳು ಕಂತು ಕಟ್ಟಿದ್ದೇವೆ. ಹಾಗಾಗಿ ಈ ಸಲ ಒಂದೇ ರೂಲ್: ಕೈಯಲ್ಲಿರುವ 20 ಸಾವಿರ, ಅದರೊಳಗೆ ಎಲ್ಲಾ ಮುಗಿಯಬೇಕು.

ಸಾಮಾನ್ಯವಾಗಿ ನಾವು ಊರು ಆರಿಸಿ ಆಮೇಲೆ ದುಡ್ಡು ಹೊಂದಿಸಲು ಒದ್ದಾಡುತ್ತೇವೆ. ಈ ಸಲ ಉಲ್ಟಾ ಮಾಡಿದೆವು. ಮೂರು ಪ್ರಶ್ನೆ ಬರೆದುಕೊಂಡೆವು. ಅತ್ತೆಯ ಮಂಡಿ ಎಷ್ಟು ಗಂಟೆ ಕಾರಲ್ಲಿ ಕೂರಲು ಒಪ್ಪುತ್ತೆ? ಮೆಟ್ಟಿಲಿಳಿಯದೆ ನೀರಿನ ಹತ್ತಿರ ಹೋಗಬಹುದಾ? ಮಗು ಕಾಲು ನೆನೆಸುವಷ್ಟು ಸುರಕ್ಷಿತವಾಗಿದೆಯಾ?

ನಾಲ್ಕು ಆಯ್ಕೆ, ಒಂದು ಉತ್ತರ

ಪುದುಚೇರಿ ಬೆಂಗಳೂರಿಗೆ ಹತ್ತಿರ, ಸುಮಾರು 310 ಕಿಲೋಮೀಟರ್. ಘಾಟಿ ಇಲ್ಲ, ರಸ್ತೆ ಸಲೀಸು. ಆದರೆ ಮೇ ತಿಂಗಳ ಬಿಸಿಲು ಅಲ್ಲಿ ಕೆಂಡ. ಮೀನು ಪ್ರಿಯರಿಗೆ ಇನ್ನೊಂದು ಮಾತು: ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಈ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಅಂದರೆ ಮೇನಲ್ಲಿ ತಾಜಾ ಬಂಗುಡೆ ಬೇಕಿದ್ದರೆ ಗಾಡಿ ಪಶ್ಚಿಮಕ್ಕೇ ತಿರುಗಬೇಕು.

ಗೋಕರ್ಣ ನನ್ನ ಇಷ್ಟದ ಊರು. ಆದರೆ 480 ಕಿಲೋಮೀಟರ್ ದಾಟುತ್ತೆ. ಓಂ ಬೀಚಿಗೆ ಮೆಟ್ಟಿಲಿಳಿಯಬೇಕು, ಪ್ಯಾರಡೈಸ್ ಬೀಚಿಗೆ ನಡೆದೋ ದೋಣಿಯಲ್ಲೋ ಹೋಗಬೇಕು. ಫ್ರೆಂಡ್ಸ್ ಜೊತೆಗಾದರೆ ಸರಿ, ಮಂಡಿನೋವಿಗೆ ಅಲ್ಲ.

ಮರವಂತೆ ನೋಡಲು ಎರಡು ಕಣ್ಣು ಸಾಲದು. ಹೆದ್ದಾರಿಯ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಆದರೆ ಮಗು ಕೈ ಬಿಡಿಸಿಕೊಂಡು ಓಡಿದರೆ ಪಕ್ಕದಲ್ಲೇ ಹೈವೇ. ಅದನ್ನು ಕಾರಲ್ಲಿ ಹೋಗಿ ನೋಡಿಬರುವ ಜಾಗಗಳ ಪಟ್ಟಿಗೆ ಸೇರಿಸಿದೆವು.

ಕೊನೆಗೆ ಉಳಿದಿದ್ದು ಕಾಪು–ಮಲ್ಪೆ. ಹಾಸನ, ಶಿರಾಡಿ ಘಾಟಿ ಮೂಲಕ ಕಾಪು 390 ಕಿಲೋಮೀಟರಿನ ಆಸುಪಾಸು. ಬೀಚು ಸಪಾಟು. 1901ರ ದೀಪಸ್ತಂಭ ಇದೆ. ಸ್ವಲ್ಪ ದಕ್ಷಿಣಕ್ಕೆ ಹೋದರೆ 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಪಡುಬಿದ್ರಿ. ಮುಖ್ಯವಾಗಿ, ಉಡುಪಿ ಹತ್ತಿರ. 'ಸಮುದ್ರಕ್ಕೆ ಹೋಗೋಣ' ಅಂದಾಗ ಬೇಡ ಎಂದಿದ್ದ ಅತ್ತೆ, 'ಕೃಷ್ಣನ ದರ್ಶನ ಮಾಡ್ಕೊಂಡು ಬರೋಣ' ಅಂದ ತಕ್ಷಣ ಬ್ಯಾಗ್ ಕೆಳಗಿಳಿಸಿದರು.

ಫೋಟೋ ನಂಬಬೇಡಿ, ಫೋನ್ ಮಾಡಿ

ಒಮ್ಮೆ ಆ್ಯಪಿನಲ್ಲಿ 'ಸೀ ವ್ಯೂ' ನೋಡಿ ಬುಕ್ ಮಾಡಿದ್ದೆವು. ಬಾಲ್ಕನಿಯ ಮೂಲೆಯಲ್ಲಿ ನಿಂತು ಕತ್ತು ಚಾಚಿದರೆ ಎರಡು ತೆಂಗಿನಮರದ ನಡುವೆ ಬೆರಳಗಲ ನೀಲಿ ಕಾಣುತ್ತಿತ್ತು. ಅದಕ್ಕೇ ಈ ಸಲ ಆರು ಹೋಮ್‌ಸ್ಟೇಗಳಿಗೆ ನೇರವಾಗಿ ಫೋನ್ ಮಾಡಿದೆ. ಕೇಳಿದ್ದು ಇಷ್ಟೇ: ಬೀಚಿಗೆ ನಡೆದು ಎಷ್ಟು ನಿಮಿಷ? ರಸ್ತೆ ದಾಟಬೇಕಾ? ರೂಮ್ ಕೆಳಗಿನ ಮಹಡಿಯಲ್ಲಿದೆಯಾ? ವೆಸ್ಟರ್ನ್ ಟಾಯ್ಲೆಟ್ ಇದೆಯಾ? ಎಸಿಗೆ ಬೇರೆ ದುಡ್ಡಾ? ಕರೆಂಟ್ ಹೋದರೆ ಫ್ಯಾನಾದರೂ ತಿರುಗುತ್ತಾ? ಕರಾವಳಿಯ ಮೇ ಸೆಕೆಯಲ್ಲಿ ಈ ಕೊನೆಯ ಎರಡು ಪ್ರಶ್ನೆ ಮರೆಯಬೇಡಿ.

ಶನಿವಾರಕ್ಕೆ 3,500 ಹೇಳಿದ ಮನೆಯವರೇ ಭಾನುವಾರ ರಾತ್ರಿಯಿಂದ ಬುಧವಾರದವರೆಗೆ ಅಂದಾಗ 2,200ಕ್ಕೆ ಒಪ್ಪಿದರು. ಅದರಲ್ಲೇ ಒಂದು ಹೆಚ್ಚುವರಿ ಹಾಸಿಗೆ. ಎರಡೂ ಆಫೀಸಿನಲ್ಲಿ ಮೂರು ದಿನ ರಜೆ ಹಾಕಿದ್ದಕ್ಕೆ ನಾಲ್ಕು ಸಾವಿರದ ಹತ್ತಿರ ಉಳಿಯಿತು.

ನಮ್ಮ ಲೆಕ್ಕ ಹೀಗಿತ್ತು:

ರೂಮು, ಮೂರು ರಾತ್ರಿ: 6,600
ಪೆಟ್ರೋಲ್, ಸುತ್ತಾಟವೂ ಸೇರಿ: 6,000
ಟೋಲ್: 600
ಊಟ ತಿಂಡಿ: 4,800
ದೋಣಿ, ಪಾರ್ಕಿಂಗ್, ಇತರೆ: 1,500
ಒಟ್ಟು: 19,500

ಭಾನುವಾರ ಬೆಳಗ್ಗೆ ಐದಕ್ಕೆ ಹೊರಟೆವು. ಅತ್ತೆ ಚಪಾತಿ, ಪುಳಿಯೋಗರೆ ಕಟ್ಟಿದ್ದರು. ದಾರಿಯ ಹೋಟೆಲ್ ಖರ್ಚು ಕಾಫಿಗಷ್ಟೇ ನಿಂತಿತು. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಅವರನ್ನು ಹತ್ತು ನಿಮಿಷ ಓಡಾಡಿಸಿದೆವು. ಹಾಗಾಗಿ ಎಂಟು ಗಂಟೆಯ ದಾರಿಗೆ ಹತ್ತು ಗಂಟೆ ಹಿಡಿಯಿತು. ವಯಸ್ಸಾದವರು ಜೊತೆಗಿದ್ದರೆ ಮ್ಯಾಪ್ ತೋರಿಸುವ ಸಮಯಕ್ಕೆ ಎರಡು ಗಂಟೆ ಸೇರಿಸಿಕೊಂಡೇ ಹೊರಡಿ.

ಆ ಸಂಜೆ

ಬೀಚ್ ತಲುಪಿದಾಗ ಐದೂವರೆ. ಅತ್ತೆ ಚಪ್ಪಲಿ ಕೈಲಿ ಹಿಡಿದು ಮರಳಲ್ಲಿ ನಿಂತುಬಿಟ್ಟರು. ಮುಂದೆ ಬರಲಿಲ್ಲ. ಮಗ ಎಳೆದ, ನನ್ನ ಗಂಡ ಕರೆದ. 'ಬೇಡಪ್ಪ, ಇಲ್ಲಿಂದಲೇ ಕಾಣುತ್ತೆ' ಅಂದರು. ನಾನು ಏನೂ ಹೇಳದೆ ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ನನ್ನ ಕೈ ಹಿಡಿದರು. ಇಬ್ಬರೂ ನಿಧಾನಕ್ಕೆ ನಡೆದೆವು. ಮೊದಲ ಅಲೆ ಪಾದ ಮುಟ್ಟಿ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳು ಜಾರಿತು. 'ಅಯ್ಯೋ, ನೆಲಾನೇ ಎಳ್ಕೊಂಡು ಹೋಗ್ತಿದೆಯಲ್ಲೇ!' ಅಂತ ಕೂಗಿ, ನಗುತ್ತಾ ನನ್ನ ತೋಳಿಗೆ ಜೋತುಬಿದ್ದರು. ಮದುವೆಯಾಗಿ ಎಂಟು ವರ್ಷದಲ್ಲಿ ನಾವಿಬ್ಬರೂ ಕೈ ಹಿಡಿದು ನಡೆದದ್ದು ನನಗೆ ನೆನಪಿಲ್ಲ.

ಮಂಗಳವಾರ ಅಪ್ಪ–ಮಗ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರು. ಕಂಬ ನಿಲ್ಲಿಸಿದಂತಿರುವ ಅಲ್ಲಿನ ಬಂಡೆಗಳನ್ನು ಮಕ್ಕಳಿಗೆ ತೋರಿಸಲೇಬೇಕು. ದೋಣಿ ಹತ್ತಿಳಿಯುವುದು ಕಷ್ಟ ಅಂತ ನಾನೂ ಅತ್ತೆಯೂ ಮಲ್ಪೆಯ ಸೀ ವಾಕ್‌ನಲ್ಲಿ ಉಳಿದೆವು. ಸಮುದ್ರದ ಪಕ್ಕ ಸಪಾಟು ದಾರಿ, ಕೂರಲು ಜಾಗ.

ಸುಮ್ಮನೆ ಕೇಳಿದೆ, 'ಅತ್ತೆ, ಮುಂಚೆ ಯಾಕೆ ಬರ್ತಿರಲಿಲ್ಲ?'

'ನೀವು ಸುಮ್ಮನೆ ಮಾತಿಗೆ ಕರೀತಿದ್ರೇನೋ ಅಂದ್ಕೊಂಡಿದ್ದೆ ಕಣಮ್ಮ. ನಾನು ಬಂದ್ರೆ ಒಂದು ಟಿಕೆಟ್ ಜಾಸ್ತಿ, ಒಂದು ಹಾಸಿಗೆ ಜಾಸ್ತಿ.'

ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹೊರಡುವ ಮುಂಚೆ

ಬೀಚಿಗೆ ಬೆಳಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ಐದರ ಮೇಲೆ ಹೋಗಿ. ನಡುಮಧ್ಯಾಹ್ನ ರೂಮಲ್ಲಿ ನಿದ್ದೆ, ಪುನರ್ಪುಳಿ ಶರಬತ್ತು. ಲೈಫ್‌ಗಾರ್ಡ್ ಅಥವಾ ಅಲ್ಲಿನ ಮೀನುಗಾರರು ಬೇಡ ಅಂದ ಕಡೆ ನೀರಿಗಿಳಿಯಬೇಡಿ. ಸೆಳೆತಕ್ಕೆ ಸಿಕ್ಕರೆ ದಡಕ್ಕೆ ಎದುರಾಗಿ ಈಜಿ ಸುಸ್ತಾಗುವ ಬದಲು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಮೇ ಮೂರನೇ ವಾರದೊಳಗೆ ಮುಗಿಸಿಕೊಳ್ಳಿ. ಆಮೇಲೆ ಕಡಲು ಒರಟಾಗುತ್ತೆ, ಮಳೆಗಾಲದಲ್ಲಿ ದ್ವೀಪದ ದೋಣಿಯೂ ನಿಲ್ಲುತ್ತೆ, ಶಿರಾಡಿಯಲ್ಲಿ ಗುಡ್ಡ ಕುಸಿದರೆ ದಾರಿಯೂ ಬಂದ್.

ನಮ್ಮ ಖರ್ಚು 20 ಸಾವಿರದೊಳಗೇ ಮುಗಿಯಿತು. ಕೊನೆಯ ಸಂಜೆ ಉಡುಪಿಯಲ್ಲಿ ತಿಂದ ನಾಲ್ಕು ಗಡ್‌ಬಡ್ ಐಸ್‌ಕ್ರೀಮ್ ಈ ಲೆಕ್ಕಕ್ಕೆ ಸೇರಿಲ್ಲ. ಅದರ ಬಿಲ್ಲನ್ನು ಅತ್ತೆ ತಮ್ಮ ಪುಟ್ಟ ಪರ್ಸಿನಿಂದ ಕೊಟ್ಟರು, ಬೇಡ ಅಂದರೂ ಕೇಳಲಿಲ್ಲ.

ಊರಿಗೆ ಬಂದ ವಾರಕ್ಕೆ ಅವರೇ ಕೇಳಿದರು, 'ಮುಂದಿನ ವರ್ಷಕ್ಕೆ ತಿಂಗಳಿಗೆ ಎಷ್ಟು ಎತ್ತಿಡಬೇಕು ಹೇಳು.' ಲೆಕ್ಕ ಹಾಕಿದರೆ 1,700 ರೂಪಾಯಿ. ಬ್ಯಾಂಕಿನಲ್ಲಿ ಆರ್‌ಡಿ ಶುರು ಮಾಡಿದ್ದೇವೆ. ಅದರಲ್ಲಿ 200 ಅತ್ತೆಯದ್ದು. 'ಈಗ ನನ್ನ ಟಿಕೆಟ್ ಜಾಸ್ತಿಯಾಯ್ತು ಅಂತ ಯಾರೂ ಅನ್ನೋ ಹಾಗಿಲ್ಲ' ಅಂತಾರೆ.