ಸಣ್ಣ ಗ್ರಾಮದ ಐತಿಹಾಸಿಕ ದರ್ಶನ: ಅಕ್ಕೂರು ಮತ್ತು ಅದರ ಪರಿಸರ

ಐತಿಹಾಸಿಕ ಪ್ರವಾಸವೆಂದೊಡನೆ ಬೇಲೂರು, ಹಳೇಬೀಡು, ಹಂಪೆ, ಬಾದಾಮಿಗಳು ನಮ್ಮ ನೆನಪಿಗೆ ಬರುತ್ತವೆ. ಇವು ಪ್ರೇಕ್ಷಣೀಯ ಸ್ಥಳಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂತಹ ಒಂದು ಗ್ರಾಮಕ್ಕೆ ಹೋಗೋಣವೆಂದರೆ ವಿದ್ಯಾರ್ಥಿಗಳು ಮಾತ್ರವಲ್ಲ, ಅಧ್ಯಾಪಕರೂ ‘ಅಲ್ಲಿ ನೋಡತಕ್ಕದ್ದೇನಿದೆ?’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರವನ್ನು ಕೊಡುವುದೇ ಈ ಲೇಖನದ ಉದ್ದೇಶ. ಸಣ್ಣ ಗ್ರಾಮದಲ್ಲಿ ಇತಿಹಾಸವು ಒಂದು ಭವ್ಯ ಕಟ್ಟಡದಲ್ಲಿ ನೆಲೆಸಿರುವುದಿಲ್ಲ. ಊರಿನ ಹೆಸರಿನಲ್ಲಿ, ಕೆರೆಯಲ್ಲಿ, ಹೊಲದ ಅಂಚಿನ ಕಲ್ಲಿನಲ್ಲಿ, ಗುಡಿಯ ತಳಪಾದಿಯಲ್ಲಿ ಹಂಚಿಹೋಗಿರುತ್ತದೆ. ಅದನ್ನು ಕಾಣಲು ಕ್ರಮವರಿತ ನೋಟವೊಂದು ಬೇಕು.

ದರ್ಶನವು ಊರಿಗೆ ಹೋಗುವ ಮೊದಲೇ ಪ್ರಾರಂಭವಾಗಬೇಕು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟವು 1905ರಲ್ಲಿ ಪ್ರಕಟವಾಯಿತು. ಅಂದಿನ ಬೆಂಗಳೂರು ಜಿಲ್ಲೆಗೆ ಸೇರಿದ್ದ ಚನ್ನಪಟ್ಟಣ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಶಾಸನಗಳನ್ನು ತಾಲ್ಲೂಕುವಾರಾಗಿ ಅಳವಡಿಸಿ, ಪ್ರತಿಯೊಂದೂ ಯಾವ ಗ್ರಾಮದಲ್ಲಿ ದೊರೆಯಿತೆಂಬುದನ್ನು ಸೂಚಿಸಿರುವುದರಿಂದ, ನಾವು ಹೋಗಲಿರುವ ಊರು ಮತ್ತು ಅದರ ನೆರೆಯೂರುಗಳ ಪಟ್ಟಿಯನ್ನು ಒಂದು ಗಂಟೆಯಲ್ಲಿ ಸಿದ್ಧಪಡಿಸಿಕೊಳ್ಳಬಹುದು. ಈ ತಾಲ್ಲೂಕಿನಲ್ಲಿ ಇಂದು ಸಾಮಾನ್ಯ ಗ್ರಾಮವಾಗಿ ತೋರುವ ಮಂಕುಂದವು 7ನೆಯ ಶತಮಾನದಲ್ಲಿ ಗಂಗರಸರ ನಿವಾಸಸ್ಥಾನವಾಗಿದ್ದಿತೆಂದು ರೈಸ್ ಅವರೇ ಗುರುತಿಸಿದ್ದಾರೆ. ಇಂದಿನ ಗಾತ್ರವನ್ನು ನೋಡಿ ಊರಿನ ಹಿಂದಿನ ಸ್ಥಾನವನ್ನು ನಿರ್ಣಯಿಸಲಾಗದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಮೊದಲನೆಯ ಆಧಾರವು ಊರಿನ ಹೆಸರು. ನಮ್ಮ ಸ್ಥಳನಾಮಗಳಲ್ಲಿ ‘ಊರು’, ‘ಹಳ್ಳಿ’, ‘ಪುರ’, ‘ಪಟ್ಟಣ’ ಎಂಬ ಅಂತ್ಯಗಳು ವಸತಿಯ ಸ್ವರೂಪವನ್ನು ಸೂಚಿಸುತ್ತವೆ. ‘ಸಂದ್ರ’ ಎಂಬುದು ‘ಸಮುದ್ರ’ ಶಬ್ದದಿಂದ ಬಂದು, ಅಲ್ಲೊಂದು ದೊಡ್ಡ ಕೆರೆಯಿದ್ದುದನ್ನು ತಿಳಿಸುತ್ತದೆ. ಆದರೆ ಈ ವಿಷಯದಲ್ಲಿ ಆತುರ ಸಲ್ಲದು. ಅಕ್ಕೂರಿನ ಹೆಸರಿಗೆ ‘ಅಕ್ಕ’ನೊಬ್ಬಳ ಕಥೆಯನ್ನು ಹೆಣೆಯುವುದು ಸುಲಭ, ಹಾವೇರಿ ತಾಲ್ಲೂಕಿನಲ್ಲಿಯೂ ಒಂದು ಅಕ್ಕೂರು ಇರುವುದನ್ನು ನೆನೆದರೆ ಆ ಕಥೆ ಎರಡಕ್ಕೂ ಹೊಂದಬೇಕಾಗುತ್ತದೆ. ಶಾಸನಗಳಲ್ಲಿಯೂ ಹಳೆಯ ದಾಖಲೆಗಳಲ್ಲಿಯೂ ಹೆಸರಿನ ಪ್ರಾಚೀನ ರೂಪವನ್ನು ಹುಡುಕಿ, ಅನಂತರವೇ ಅರ್ಥವನ್ನು ಹೇಳುವುದು ವಿಹಿತ.

ಎರಡನೆಯ ಆಧಾರವು ಕೆರೆ. ಮಳೆಯ ನೀರನ್ನೇ ನಂಬಿದ ಈ ಬಯಲುಸೀಮೆಯಲ್ಲಿ ಕೆರೆಯಿಲ್ಲದೆ ಊರು ನಿಲ್ಲಲಾರದು. ವಿದ್ಯಾರ್ಥಿಗಳು ಏರಿಯ ಮೇಲೆ ನಡೆದು, ತೂಬು ಎಲ್ಲಿದೆ, ಕೋಡಿ ಯಾವ ದಿಕ್ಕಿಗೆ ಹರಿಯುತ್ತದೆ, ಗದ್ದೆಗಳು ಎಲ್ಲಿಂದ ಆರಂಭವಾಗುತ್ತವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಕಾಪಾಡುವವನಿಗೆ ಬಿಟ್ಟ ಭೂಮಿಯನ್ನು ನಮ್ಮ ಶಾಸನಗಳು ಕಟ್ಟುಗೊಡಗೆಯೆಂದೂ ಬಿತ್ತುವಟ್ಟವೆಂದೂ ಕರೆಯುತ್ತವೆ. ಏರಿಯ ಬಳಿ ನಿಂತಿರುವ ಕಲ್ಲನ್ನು ಪರೀಕ್ಷಿಸದೆ ಮುಂದಕ್ಕೆ ಹೋಗಬಾರದೆಂದು ನಾವು ಹೇಳುವುದು ಇದಕ್ಕಾಗಿಯೇ.

ಮೂರನೆಯದು ಕಲ್ಲುಗಳು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗಾಳಗದ ಸ್ಮಾರಕ. ಮೊಣಕೈ ಬಾಗಿಸಿ ಮೇಲೆತ್ತಿದ, ಬಳೆ ತೊಟ್ಟ ತೋಳು ಮಾಸ್ತಿಕಲ್ಲಿನ ಗುರುತು. ಲಿಂಗಮುದ್ರೆಯ ಕಲ್ಲು ಶೈವ ದತ್ತಿಯ ಎಲ್ಲೆಯನ್ನೂ, ವಾಮನಮುದ್ರೆಯ ಕಲ್ಲು ವೈಷ್ಣವ ಅಥವಾ ಬ್ರಾಹ್ಮಣ ದತ್ತಿಯ ಎಲ್ಲೆಯನ್ನೂ ಸೂಚಿಸುತ್ತವೆ. ಮಡಿದ ವೀರನ ಕುಟುಂಬಕ್ಕೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಅರಮನೆಯ ಪ್ರಶಸ್ತಿಗಳಲ್ಲಿ ಕಾಣದ ಸಾಮಾನ್ಯ ಜನರ ಹೆಸರುಗಳು ಉಳಿದುಬಂದಿರುವುದು ಬಹುಮಟ್ಟಿಗೆ ಇಂತಹ ಕಲ್ಲುಗಳಲ್ಲಿಯೇ. ‘ಬೆಂಗಳೂರು’ ಎಂಬ ಹೆಸರು ಕಂಡುಬಂದುದೂ ಬೇಗೂರಿನ ಸುಮಾರು ಕ್ರಿ.ಶ. 890ರ ಒಂದು ವೀರಗಲ್ಲಿನಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ನಾಲ್ಕನೆಯದು ದೇವಾಲಯ. ಇಲ್ಲಿ ಸ್ಥಳಪುರಾಣವನ್ನೂ ಚರಿತ್ರೆಯನ್ನೂ ಬೇರ್ಪಡಿಸಿ ನೋಡುವುದು ಅವಶ್ಯಕ. ಅದೇ ತಾಲ್ಲೂಕಿನ ದೊಡ್ಡಮಳೂರು ಇದಕ್ಕೆ ಒಳ್ಳೆಯ ಪಾಠ. ಚನ್ನಪಟ್ಟಣದಿಂದ ಮೈಸೂರಿನ ಕಡೆಗೆ ಸುಮಾರು 3 ಕಿಲೋಮೀಟರು ದೂರದಲ್ಲಿ, ಕಣ್ವ ನದಿಯ ಸಮೀಪದಲ್ಲಿರುವ ಅಪ್ರಮೇಯಸ್ವಾಮಿ ದೇವಾಲಯವನ್ನು ಶ್ರೀರಾಮನು ಪೂಜಿಸಿದ ಸ್ಥಳವೆಂದು ಭಕ್ತರು ಹೇಳುತ್ತಾರೆ. ಅಲ್ಲಿನ ಅಂಬೆಗಾಲು ಕೃಷ್ಣನನ್ನು ಕಂಡು ಪುರಂದರದಾಸರು ಕೀರ್ತನೆಯನ್ನು ರಚಿಸಿದರೆಂದು ಪ್ರತೀತಿ. ಸಂತಾನವನ್ನು ಬಯಸುವವರು ತೊಟ್ಟಿಲುಗಳನ್ನು ಹರಕೆಯಾಗಿ ಅರ್ಪಿಸುತ್ತಾರೆ. ದೇವಾಲಯದ ಕಟ್ಟಡವಾದರೋ ಬೇರೊಂದು ಸಂಗತಿಯನ್ನು ತಿಳಿಸುತ್ತದೆ. ಸುಮಾರು ಕ್ರಿ.ಶ. 1004ರಲ್ಲಿ ಚೋಳರು ತಲಕಾಡನ್ನು ಗೆದ್ದ ಮೇಲೆ ಗಂಗವಾಡಿಗೆ ‘ಮುಡಿಕೊಂಡಚೋಳ ಮಂಡಲ’ವೆಂದು ಹೆಸರಿಟ್ಟರು, ಊರುಗಳಿಗೂ ಹೊಸ ಹೆಸರುಗಳು ಬಂದವು, ಚತುರ್ವೇದಿಮಂಗಲಗಳು ಹುಟ್ಟಿದವು, ಕನ್ನಡ ನಾಡಿನ ನಡುವೆ ತಮಿಳು ಲಿಪಿಯ ಶಾಸನಗಳು ನಿಂತವು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ತಲಕಾಡು ಮತ್ತೆ ಕೈಸೇರುವವರೆಗಿನ ಈ ಶತಮಾನದ ಗುರುತನ್ನು ಮಳೂರು ಉಳಿಸಿಕೊಂಡಿದೆ. ಸ್ಥಳಪುರಾಣವನ್ನು ನಾವು ಹಾಸ್ಯಮಾಡಬೇಕಾಗಿಲ್ಲ. ಅದು ಜನರ ಶ್ರದ್ಧೆಗೆ ಆಧಾರ, ಕಾಲನಿರ್ಣಯಕ್ಕೆ ಅಲ್ಲ. ಅಕ್ಕೂರಿನಂತಹ ಊರಿನ ಗುಡಿಯಲ್ಲಿ ನಿಂತಾಗಲೂ ಪೂಜಾರಿಯ ಮಾತನ್ನು ಒಂದು ಹಾಳೆಯಲ್ಲಿಯೂ, ಕಂಬ, ಅಧಿಷ್ಠಾನ, ಬಾಗಿಲವಾಡಗಳ ಲಕ್ಷಣಗಳನ್ನು ಮತ್ತೊಂದು ಹಾಳೆಯಲ್ಲಿಯೂ ಬರೆದುಕೊಳ್ಳುವುದು ಲೇಸು.

ಕಲ್ಲನ್ನು ಓದುವಾಗ ವಹಿಸಬೇಕಾದ ಎಚ್ಚರವನ್ನು ನಾವು ತಪ್ಪುಮಾಡಿಯೇ ಕಲಿತೆವು. ಒಮ್ಮೆ ಒಂದು ಗ್ರಾಮದಲ್ಲಿ ಸವೆದ ಅಕ್ಷರಗಳ ಮೇಲೆ ಸೀಮೆಸುಣ್ಣವನ್ನು ಎಳೆದು ಛಾಯಾಚಿತ್ರವನ್ನು ತೆಗೆದೆವು. ಮನೆಗೆ ಬಂದು ನೋಡಿದಾಗ ಆ ಚಿತ್ರದಲ್ಲಿ ನಮ್ಮ ಊಹೆಯೇ ಕಾಣಿಸಿತೇ ಹೊರತು ಕಲ್ಲಿನ ಅಕ್ಷರಗಳಲ್ಲ. ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ ತೆಗೆದ ಚಿತ್ರವೇ ಮೇಲು. ಸುಣ್ಣ, ಎಣ್ಣೆ, ಬಣ್ಣ, ಸಿಮೆಂಟುಗಳಾವುವನ್ನೂ ಕಲ್ಲಿಗೆ ಸೋಂಕಿಸಬಾರದು.

ಈ ಎಚ್ಚರವು ಅತಿಯಾದುದೆಂದು ಯಾರಿಗಾದರೂ ತೋರಿದರೆ, ಹೆಬ್ಬಾಳದ ಕಿಟ್ಟಯ್ಯನ ಶಾಸನವನ್ನು ನೆನೆಯಬೇಕು. ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ವೀರಗಲ್ಲು 2018ರಲ್ಲಿ, ಚರಂಡಿಯ ಕೆಲಸ ನಡೆಯುತ್ತಿದ್ದಾಗ ಬೆಳಕಿಗೆ ಬಂದಿತು. ಮಹಾನಗರದ ನಡುವೆಯೇ ಇದ್ದರೂ ಅದು ರೈಸ್ ಅವರ ಸಂಪುಟಕ್ಕೆ ಸಿಕ್ಕಿರಲಿಲ್ಲ. ಅಂದು ಆಸಕ್ತರು ಅಲ್ಲಿ ಇರದಿದ್ದರೆ ಮಣ್ಣಿನೊಡನೆ ಹೋಗುತ್ತಿತ್ತು. ಇತ್ತ ರೈಸ್ ಅವರು ದಾಖಲಿಸಿದ ಶಾಸನಗಳಲ್ಲಿಯೂ ಅನೇಕವು ಇಂದು ಸ್ಥಳದಲ್ಲಿ ಕಾಣಸಿಗುವುದಿಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯವನ್ನು ಕೈಗೊಂಡುದು ಈ ಕಾರಣದಿಂದಲೇ. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ರಾಜ್ಯದ 1961ರ ಅಧಿನಿಯಮವಿದೆ. ಆದರೆ ಹೊಲದ ಬದುವಿನಲ್ಲಿ ಒರಗಿರುವ ಪ್ರತಿಯೊಂದು ವೀರಗಲ್ಲಿಗೂ ಕಾವಲುಗಾರನನ್ನು ನಿಯಮಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ.

ಹಂಪೆಗೆ ಹೋದವನು ತಾನು ನೋಡದಿದ್ದರೂ ಹಂಪೆ ಉಳಿಯುತ್ತದೆಂಬ ಭರವಸೆಯಿಂದ ಹಿಂದಿರುಗಬಹುದು. ಸಣ್ಣ ಗ್ರಾಮಕ್ಕೆ ಹೋದವನಿಗೆ ಆ ಭರವಸೆಯಿಲ್ಲ. ಅಲ್ಲಿ ನೋಡುವುದೂ ದಾಖಲಿಸುವುದೂ ಕಾಪಾಡುವುದೂ ಒಂದೇ ಕಾರ್ಯದ ಮೂರು ಅಂಗಗಳು. ಆದುದರಿಂದ ಚನ್ನಪಟ್ಟಣಕ್ಕೆ ಬೊಂಬೆಗಳಿಗಾಗಿ ಹೋಗುವ ಕಾಲೇಜುಗಳು ಅಕ್ಕೂರಿನಂತಹ ಊರಿಗೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಊರಿನ ಹಿರಿಯರ ಒಪ್ಪಿಗೆಯನ್ನು ಪಡೆದು ಕೆಲಸವನ್ನು ಪ್ರಾರಂಭಿಸಿ, ಮುಗಿದ ಮೇಲೆ ನಕ್ಷೆ, ಛಾಯಾಚಿತ್ರ ಮತ್ತು ಟಿಪ್ಪಣಿಗಳ ಒಂದು ಪ್ರತಿಯನ್ನು ಆ ಊರಿನ ಶಾಲೆಗೂ ಗ್ರಾಮ ಪಂಚಾಯಿತಿಗೂ ತಪ್ಪದೆ ಕೊಡಬೇಕು. ತಮ್ಮ ಬಟ್ಟೆ ಒಗೆಯುವ ಕಲ್ಲಿನಲ್ಲಿ ತಮ್ಮೂರಿನವನೇ ಒಬ್ಬನ ಹೆಸರಿದೆಯೆಂದು ತಿಳಿದ ಜನರು ಅದನ್ನು ಮತ್ತೆ ಮೋರಿಗೆ ಹಾಸಲಾರರು.